ಸುಶಿ ಬಾಣಸಿಗರ ಕೈಚಳಕ



ಬೆಳಗಿನ ಜಾವ ಐದೂವರೆ ಗಂಟೆ. ಜಪಾನಿನ ರಾಜಧಾನಿ ಟೋಕಿಯೊ ಇನ್ನೂ ಪೂರ್ತಿ ಎಚ್ಚೆತ್ತಿಲ್ಲ. ಆದರೆ ಕಡಲಂಚಿನ ತೊಯೊಸು ಮೀನು ಮಾರುಕಟ್ಟೆಯಲ್ಲಿ ಹರಾಜಿನ ಗಂಟೆ ಆಗಲೇ ಬಾರಿಸಿದೆ. ದೊಡ್ಡ ದೊಡ್ಡ ಟ್ಯೂನಾ ಮೀನುಗಳನ್ನು ಸಾಲಾಗಿ ಮಲಗಿಸಿದ್ದಾರೆ. ಅವುಗಳಲ್ಲಿ ಕೆಲವು ನೂರು ಕಿಲೋಗ್ರಾಂಗೂ ಹೆಚ್ಚು ತೂಗುತ್ತವೆ. ವ್ಯಾಪಾರಿಗಳು ಟಾರ್ಚು ಹಿಡಿದು ಬಾಲದ ಬಳಿ ಕತ್ತರಿಸಿದ ಭಾಗವನ್ನು ಬಗ್ಗಿ ನೋಡುತ್ತಾರೆ. ಒಂದು ಚೂರು ಮಾಂಸವನ್ನು ಬೆರಳುಗಳ ನಡುವೆ ಉಜ್ಜಿ, ಅದರಲ್ಲಿ ಎಷ್ಟು ಕೊಬ್ಬಿದೆ ಎಂದು ಅಂದಾಜು ಮಾಡುತ್ತಾರೆ. ಹೀಗೆ ಕೊಂಡ ಮೀನನ್ನು ಅವರು ಮಳಿಗೆಗಳಲ್ಲಿಟ್ಟು ಮಾರುತ್ತಾರೆ. ಊರಿನ ಸುಶಿ ಬಾಣಸಿಗರು ಅಲ್ಲಿಗೆ ಬಂದು ತಮಗೆ ಬೇಕಾದುದನ್ನು ಆರಿಸಿಕೊಳ್ಳುತ್ತಾರೆ.

ಈ ಮೀನು ಮಧ್ಯಾಹ್ನವೋ ರಾತ್ರಿಯೋ ಯಾರದೋ ತಟ್ಟೆ ಸೇರುತ್ತದೆ. ಅದೂ ಬೇಯಿಸದೆ, ಹಸಿಯಾಗಿಯೇ! ನಾವು ಅಡುಗೆ ಮಾಡುವಾಗ ಏನಾದರೂ ತಪ್ಪಿದರೂ ಬೆಂಕಿ ನಮ್ಮನ್ನು ಕಾಪಾಡುತ್ತದೆ. ಚೆನ್ನಾಗಿ ಕುದಿಸಿದರೆ ಹೆಚ್ಚಿನ ಸೂಕ್ಷ್ಮಜೀವಿಗಳು ಸಾಯುತ್ತವೆ. ಸುಶಿ ಮಾಡುವವರಿಗೆ ಆ ಆಸರೆ ಇಲ್ಲ. ತಿನ್ನುವವರ ಆರೋಗ್ಯ ಅವರ ಕಣ್ಣು, ಕೈ ಮತ್ತು ತಿಳಿವಳಿಕೆಯನ್ನೇ ನಂಬಿಕೊಂಡಿರುತ್ತದೆ. ಹಾಗಾದರೆ ಅವರು ಕಲಿಯಬೇಕಾದುದು ಏನೇನು? ಅದರ ಹಿಂದಿರುವ ವಿಜ್ಞಾನ ಯಾವುದು? ನೋಡೋಣ ಬನ್ನಿ.

ಸುಶಿ ಎಂದರೆ ಹಸಿ ಮೀನಲ್ಲ!

ಸುಶಿ ಎಂದರೆ ಹಸಿ ಮೀನು ಎಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಅನ್ನವಿಲ್ಲದೆ ಬರಿಯ ಹಸಿ ಮೀನಿನ ಹೋಳುಗಳನ್ನು ಬಡಿಸಿದರೆ ಅದಕ್ಕೆ ಸಾಶಿಮಿ ಎಂದು ಹೆಸರು. ಸುಶಿ ಎಂಬ ಮಾತು ಬಂದಿರುವುದು 'ಹುಳಿ' ಎಂಬ ಅರ್ಥದ ಹಳೆಯ ಜಪಾನಿ ಪದದಿಂದ. ಹುಳಿ ಸೇರಿಸಿದ ಅನ್ನವೇ ಸುಶಿಯ ಜೀವಾಳ. ಆ ಅನ್ನದ ಜೊತೆ ಮೀನು ಇರಬಹುದು, ಮೊಟ್ಟೆ ಇರಬಹುದು, ಬರಿಯ ಸೌತೆಕಾಯಿಯೂ ಇರಬಹುದು.

ಅನ್ನಕ್ಕೆ ಹುಳಿ ಬಂದದ್ದು ಹೇಗೆ? ಮಂಜುಗಡ್ಡೆಯ ಪೆಟ್ಟಿಗೆಯಾಗಲಿ ಫ್ರಿಜ್ಜಾಗಲಿ ಇಲ್ಲದ ಕಾಲದಲ್ಲಿ ಮೀನನ್ನು ಕೆಡದಂತೆ ಇಡಲು ಜನ ಒಂದು ಉಪಾಯ ಕಂಡುಕೊಂಡರು. ಮೀನಿಗೆ ಉಪ್ಪು ತುಂಬಿ, ಬೇಯಿಸಿದ ಅನ್ನದ ನಡುವೆ ಹೂತು, ಮೇಲೆ ಭಾರ ಹೇರಿ ತಿಂಗಳುಗಟ್ಟಲೆ ಇಡುತ್ತಿದ್ದರು. ಅನ್ನದಲ್ಲಿ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಗಳು ಬೆಳೆಯುತ್ತಿದ್ದವು. ನಮ್ಮ ಮನೆಯಲ್ಲಿ ಹಾಲನ್ನು ಮೊಸರು ಮಾಡುವುದೂ, ಇಡ್ಲಿ ಹಿಟ್ಟನ್ನು ಹುಳಿ ಬರಿಸುವುದೂ ಇದೇ ಬಳಗದ ಬ್ಯಾಕ್ಟೀರಿಯಗಳೇ. ಅವು ಉಂಟುಮಾಡಿದ ಹುಳಿಯಲ್ಲಿ ಮೀನನ್ನು ಕೊಳೆಸುವ ಜೀವಿಗಳು ಬದುಕಲಾರವು. ಕೊನೆಗೆ ಮೆತ್ತಗಾದ ಅನ್ನವನ್ನು ಎಸೆದು ಮೀನನ್ನು ಮಾತ್ರ ತಿನ್ನುತ್ತಿದ್ದರು. ಜಪಾನಿನ ಬಿವಾ ಸರೋವರದ ಸುತ್ತಮುತ್ತ ಈ ಬಗೆಯ 'ಫುನಾಜುಶಿ'ಯನ್ನು ಇಂದಿಗೂ ಮಾಡುತ್ತಾರೆ.

ಅಷ್ಟು ದಿನ ಕಾಯುವ ಬದಲು ಅನ್ನಕ್ಕೆ ನೇರವಾಗಿ ವಿನೆಗರ್ ಬೆರೆಸಿದರೆ ಹೇಗೆ? ಮುಂದೆ ಜನರಿಗೆ ಈ ಯೋಚನೆ ಹೊಳೆಯಿತು. 1804ರಲ್ಲಿ ಹಾಂಡಾ ಎಂಬ ಊರಿನ ನಕಾನೊ ಮತಜಾಎಮೊನ್ ಎಂಬಾತ ಅಕ್ಕಿಯ ಮದ್ಯ ಸೋಸಿದ ಮೇಲೆ ಉಳಿಯುವ ಗಷ್ಟಿನಿಂದ ವಿನೆಗರ್ ತಯಾರಿಸಲು ತೊಡಗಿದ. ಅದು ಎದೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಸುಶಿ ಮಾಡುವವರಿಗೆ ಒದಗಿ ಬಂತು. 1820ರ ದಶಕದಲ್ಲಿ ಎದೊ ನಗರದಲ್ಲಿ ಹನಾಯಾ ಯೊಹೆಯಿ ಎಂಬ ಬಾಣಸಿಗ ಅನ್ನದ ಪುಟ್ಟ ಉಂಡೆಯ ಮೇಲೆ ಮೀನಿನ ಹೋಳನ್ನಿಟ್ಟು ಅಲ್ಲೇ ಒತ್ತಿ ಕೊಡುವ ಪದ್ಧತಿಗೆ ಹೆಸರು ತಂದ ಎನ್ನುತ್ತಾರೆ. ಇದಕ್ಕೆ 'ನಿಗಿರಿ' ಎಂದು ಹೆಸರು. ಹಿಡಿದು ಒತ್ತಿದ್ದು ಎಂದು ಇದರ ಅರ್ಥ. ಇಂದು ಶ್ರೀಮಂತರ ಊಟ ಎನಿಸಿಕೊಂಡಿರುವ ಇದು ಅಂದು ಬೀದಿ ಬದಿಯ ಗಾಡಿಯಲ್ಲಿ ನಿಂತು ತಿನ್ನುವ ತಿಂಡಿಯಾಗಿತ್ತು!

ಮೊದಲ ಪಾಠ: ಅನ್ನ

ಸುಶಿ ಬಾಣಸಿಗರನ್ನು ಜಪಾನಿನಲ್ಲಿ 'ಇತಮಾಏ' ಎನ್ನುತ್ತಾರೆ. 'ಹಲಗೆಯ ಮುಂದೆ ನಿಲ್ಲುವವನು' ಎಂದು ಆ ಮಾತಿನ ಅರ್ಥ. ಆದರೆ ಆ ಹಲಗೆಯ ಮುಂದೆ ನಿಲ್ಲುವುದು ಸುಲಭವಲ್ಲ. ಹಳೆಯ ಪದ್ಧತಿಯಲ್ಲಿ ಕಲಿಯಲು ಬಂದ ಹುಡುಗ ಮೊದಲು ಪಾತ್ರೆ ತೊಳೆಯಬೇಕು, ನೆಲ ಉಜ್ಜಬೇಕು, ಮೀನಿನ ಹುರುಪೆ ತೆಗೆಯಬೇಕು. ಆಮೇಲೆ ಅನ್ನ ಮಾಡುವ ಕೆಲಸ. ಗಿರಾಕಿಯ ಎದುರು ನಿಂತು ಸುಶಿ ಒತ್ತಲು ಹತ್ತು ವರ್ಷ ಹಿಡಿದರೂ ಹಿಡಿಯಿತು.

ಅನ್ನ ಮಾಡುವುದನ್ನು ಕಲಿಯಲು ಅಷ್ಟೊಂದು ಕಾಲ ಬೇಕೆ ಎಂದು ನೀವು ನಗಬಹುದು. ಸ್ವಲ್ಪ ತಾಳಿ.

ಅಕ್ಕಿಯಲ್ಲಿರುವ ಪಿಷ್ಟದಲ್ಲಿ ಎರಡು ಬಗೆ. ಅಮೈಲೋಸ್ ಎಂಬುದು ಉದ್ದನೆಯ ದಾರದಂತಿರುತ್ತದೆ. ಅಮೈಲೋಪೆಕ್ಟಿನ್ ಎಂಬುದು ಕೊಂಬೆ ರೆಂಬೆಗಳಿರುವ ಮರದಂತಿರುತ್ತದೆ. ಅಮೈಲೋಸ್ ಹೆಚ್ಚಿರುವ ಅಕ್ಕಿಯ ಅನ್ನ ಉದುರುದುರಾಗಿರುತ್ತದೆ. ಚಿತ್ರಾನ್ನಕ್ಕೆ, ಪುಳಿಯೋಗರೆಗೆ ನಮಗೆ ಬೇಕಾದದ್ದು ಅಂಥ ಅನ್ನ. ಜಪಾನಿನ ಗಿಡ್ಡ ಕಾಳಿನ ಅಕ್ಕಿಯಲ್ಲಿ ಅಮೈಲೋಸ್ ಕಡಿಮೆ. ಆದ್ದರಿಂದ ಅದರ ಅಗುಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸುಶಿಯ ಉಂಡೆ ನಿಲ್ಲುವುದು ಈ ಅಂಟಿನಿಂದ.

ಆದರೆ ಅಂಟು ಅತಿಯಾದರೆ ಅನ್ನ ಮುದ್ದೆಯಾಗುತ್ತದೆ. ಅದಕ್ಕಾಗಿ ಅಕ್ಕಿಯನ್ನು ಹಲವು ಸಲ ತೊಳೆದು ಮೇಲಿನ ಪಿಷ್ಟದ ಪುಡಿಯನ್ನು ತೆಗೆಯುತ್ತಾರೆ. ಹೊಸ ಅಕ್ಕಿಯಲ್ಲಿ ನೀರಿನ ಅಂಶ ಹೆಚ್ಚು, ಹಳೆಯ ಅಕ್ಕಿಯಲ್ಲಿ ಕಡಿಮೆ. ಆದ್ದರಿಂದ ಅನ್ನಕ್ಕಿಡುವ ನೀರಿನ ಅಳತೆಯೂ ಬದಲಾಗಬೇಕು. ನಿಮ್ಮ ಅಜ್ಜಿಗೂ ಈ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ, ಕೇಳಿ ನೋಡಿ.

ಬೆಂದ ಅನ್ನವನ್ನು ಅಗಲವಾದ ಮರದ ತೊಟ್ಟಿಗೆ ಸುರಿಯುತ್ತಾರೆ. ಅದರ ಹೆಸರು ಹಂಗಿರಿ. ಬಿಸಿ ಇರುವಾಗಲೇ ವಿನೆಗರ್, ಉಪ್ಪು, ಸಕ್ಕರೆ ಬೆರೆಸಿದ ನೀರನ್ನು ಚಿಮುಕಿಸಿ, ಚಪ್ಪಟೆ ಕೈಯಿಂದ ಅನ್ನವನ್ನು ಗೀರಿ ಗೀರಿ ತಿರುವುತ್ತಾರೆ. ಕಲಸಿದರೆ ಅಗುಳು ಒಡೆಯುತ್ತದೆ. ಜೊತೆಯಲ್ಲೇ ಬೀಸಣಿಗೆಯಿಂದ ಗಾಳಿ ಹಾಕುತ್ತಾರೆ. ಗಾಳಿ ಹಾಕಿದಾಗ ಅಗುಳಿನ ಮೇಲಿನ ಹೆಚ್ಚಿನ ನೀರು ಬೇಗ ಆವಿಯಾಗುತ್ತದೆ. ನೀರು ಆವಿಯಾಗಲು ಶಾಖ ಬೇಕು. ಅದು ಆ ಶಾಖವನ್ನು ಅನ್ನದಿಂದಲೇ ಪಡೆಯುತ್ತದೆ. ಬೆವರಿದ ಮೈಗೆ ಗಾಳಿ ಬೀಸಿದರೆ ತಂಪಾಗುವುದಿಲ್ಲವೇ? ಇದೂ ಅದೇ. ಮರದ ತೊಟ್ಟಿಯೂ ಒಂದಿಷ್ಟು ನೀರನ್ನು ಹೀರಿಕೊಳ್ಳುತ್ತದೆ. ಕೊನೆಗೆ ಪ್ರತಿ ಅಗುಳೂ ಮುತ್ತಿನಂತೆ ಹೊಳೆಯುತ್ತದೆ.

ಈ ಅನ್ನವನ್ನು ನಮ್ಮ ಮೈಯ ಬಿಸಿಯಷ್ಟು ಬೆಚ್ಚಗೆ ಇಟ್ಟುಕೊಳ್ಳುತ್ತಾರೆ. ಫ್ರಿಜ್ಜಿನಲ್ಲಿಟ್ಟರೆ ಪಿಷ್ಟದ ಅಣುಗಳು ಮತ್ತೆ ಒತ್ತಾಗಿ ಜೋಡಿಸಿಕೊಂಡು ಅನ್ನ ಗಟ್ಟಿಯಾಗುತ್ತದೆ. ತಂಗಳನ್ನ ಬಿರುಸಾಗುವುದೂ ಇದರಿಂದಲೇ.

ಬೆಚ್ಚಗಿನ ಅನ್ನದಲ್ಲಿ ಒಂದು ಅಪಾಯವೂ ಇದೆ. 'ಬ್ಯಾಸಿಲಸ್ ಸೀರಿಯಸ್' ಎಂಬ ಬ್ಯಾಕ್ಟೀರಿಯದ ಬೀಜಕಗಳು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಹೊರಗಿದ್ದರೆ ಅವು ಮೊಳೆತು, ಬೆಳೆದು, ವಾಂತಿ ಭೇದಿ ತರುವ ವಿಷವನ್ನು ಉಂಟುಮಾಡುತ್ತವೆ. ಇಲ್ಲಿ ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ ನೆರವಿಗೆ ಬರುತ್ತದೆ. ಹುಳಿ ಸಾಕಷ್ಟಿದ್ದರೆ ಈ ಬ್ಯಾಕ್ಟೀರಿಯ ಬೆಳೆಯಲಾರದು. ಅಂದರೆ ಹುಳಿ ಬೆರೆಸುವುದು ಬರಿಯ ರುಚಿಗಲ್ಲ. ಅಳತೆ ತಪ್ಪಿದರೆ ರುಚಿ ಕೆಡುವುದಷ್ಟೇ ಅಲ್ಲ, ಆರೋಗ್ಯವೂ ಕೆಡಬಹುದು.

ಒಂದೇ ಕಡೆ ಮಸೆದ ಚಾಕು

ಸಾಮಾನ್ಯ ಚಾಕುವಿನ ಅಲಗನ್ನು ಎರಡೂ ಕಡೆ ಮಸೆದಿರುತ್ತಾರೆ. ಸುಶಿ ಬಾಣಸಿಗರ 'ಯಾನಗಿಬಾ' ಚಾಕುವಿಗೆ ಒಂದೇ ಕಡೆ ಇಳಿಜಾರು. ಅದರ ಹೆಸರಿನ ಅರ್ಥ ವಿಲೋ ಮರದ ಎಲೆಯಂಥ ಅಲಗು. ಅದು ಉದ್ದವಾಗಿ, ಕಿರಿದಾಗಿರುತ್ತದೆ. ಸಾಮಾನ್ಯವಾಗಿ 24ರಿಂದ 33 ಸೆಂಟಿಮೀಟರ್ ಉದ್ದ. ಮೀನಿನ ತಲೆ, ಮೂಳೆ ಕಡಿಯಲು 'ದೆಬಾ' ಎಂಬ ದಪ್ಪನೆಯ ಬೇರೆ ಚಾಕು ಇದೆ.

ಚಾಕು ಏಕೆ ಅಷ್ಟು ಹರಿತವಿರಬೇಕು? ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದಾಗ ಬರುವುದು. ತೆಳು ಪಟ್ಟಿಯ ಶಾಲೆಯ ಚೀಲ ಭುಜವನ್ನು ಕೊರೆಯುತ್ತದೆ, ಅಗಲ ಪಟ್ಟಿಯ ಚೀಲ ಅಷ್ಟಾಗಿ ಕೊರೆಯುವುದಿಲ್ಲ. ಚಾಕುವಿನಲ್ಲಿ ನಮಗೆ ಕೊರೆಯುವುದೇ ಬೇಕು! ಅಲಗಿನ ಅಂಚು ತೆಳುವಾದಷ್ಟೂ ಕಡಿಮೆ ಬಲದಲ್ಲಿ ಕತ್ತರಿಸಬಹುದು. ಮೊಂಡು ಚಾಕು ಮೀನಿನ ಕೋಶಗಳನ್ನು ಜಜ್ಜುತ್ತದೆ. ಜಜ್ಜಿದ ಕೋಶಗಳಿಂದ ರಸ ಸೋರಿ ಹೋಗುತ್ತದೆ, ಹೋಳಿನ ಮೈ ಒರಟಾಗುತ್ತದೆ. ಅದಕ್ಕಾಗಿ ಬಾಣಸಿಗರು ಗರಗಸದಂತೆ ಹಿಂದೆ ಮುಂದೆ ಎಳೆಯುವುದಿಲ್ಲ. ಅಲಗಿನ ಬುಡದಿಂದ ತುದಿಯವರೆಗೆ ಒಂದೇ ಎಳೆತ. ಉದ್ದನೆಯ ಅಲಗು ಬೇಕಾಗಿರುವುದು ಇದಕ್ಕೇ.

ಒಳ್ಳೆಯ ಚಾಕುಗಳಿಗೆ ಒಸಾಕ ಬಳಿಯ ಸಕಾಯಿ ಎಂಬ ಊರು ಹೆಸರಾಗಿದೆ. ಅಲ್ಲಿನ ಕಮ್ಮಾರರು ಗಟ್ಟಿಯಾದ ಉಕ್ಕನ್ನೂ ಮೆದು ಕಬ್ಬಿಣವನ್ನೂ ಕಾಯಿಸಿ, ಬಡಿದು, ಒಂದಾಗಿ ಬೆಸೆಯುತ್ತಾರೆ. ಅಂಚಿನಲ್ಲಿರುವ ಉಕ್ಕಿನಲ್ಲಿ ಇಂಗಾಲ ಹೆಚ್ಚು. ಅದು ಹರಿತವನ್ನು ಹಿಡಿದಿಡುತ್ತದೆ, ಆದರೆ ಪೆಡಸು. ಮೆದು ಕಬ್ಬಿಣ ಅದು ಮುರಿಯದಂತೆ ಆಸರೆ ಕೊಡುತ್ತದೆ. ಇಂಥ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಬಾಣಸಿಗರು ಮಾತುಮಾತಿಗೆ ಚಾಕುವನ್ನು ಒರೆಸುವುದನ್ನು ನೀವು ಚಿತ್ರಗಳಲ್ಲಿ ನೋಡಿರಬಹುದು. ದಿನದ ಕೆಲಸ ಮುಗಿದ ಮೇಲೆ ನೆನೆಸಿದ ಸಾಣೆಕಲ್ಲಿನ ಮೇಲೆ ಮಸೆಯುವುದೂ ಅವರ ಕೆಲಸವೇ.

ಮೀನನ್ನು ಓದುವುದು

ನೆಲದ ಮೇಲಿನ ಪ್ರಾಣಿಗಳ ಮಾಂಸವನ್ನು ಹಸಿಯಾಗಿ ಅಗಿಯುವುದು ಕಷ್ಟ. ಮೀನಿನ ಮಾಂಸ ಮಾತ್ರ ಏಕೆ ಅಷ್ಟು ಮೆದು? ಮೀನಿನ ಭಾರವನ್ನು ನೀರೇ ಹೊರುತ್ತದೆ. ಆದ್ದರಿಂದ ಸ್ನಾಯುಗಳನ್ನು ಬಿಗಿದು ಕಟ್ಟುವ ಕೊಲಾಜೆನ್ ಎಂಬ ಪ್ರೋಟೀನು ಅದಕ್ಕೆ ಹೆಚ್ಚು ಬೇಕಾಗಿಲ್ಲ.

ಎಲ್ಲ ಮೀನೂ ಒಂದೇ ಅಲ್ಲ. ಟ್ಯೂನಾ ಬಿಡುವಿಲ್ಲದೆ ದೂರ ದೂರ ಈಜುವ ಮೀನು. ಅದರ ಸ್ನಾಯುಗಳಿಗೆ ಆಮ್ಲಜನಕ ಬಹಳ ಬೇಕು. ಅದನ್ನು ಕೂಡಿಟ್ಟುಕೊಳ್ಳುವ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನು ಅದರಲ್ಲಿ ತುಂಬಿದೆ. ಅದಕ್ಕೇ ಟ್ಯೂನಾ ಮಾಂಸ ಕೆಂಪು. ಸಮುದ್ರದ ತಳದಲ್ಲಿ ಮಲಗಿದ್ದು, ಬೇಕಾದಾಗ ಮಾತ್ರ ಚಿಮ್ಮುವ ಚಪ್ಪಟೆ ಮೀನುಗಳ ಮಾಂಸ ಬಿಳಿ. ಕೆಂಪು ಮಾಂಸ ಗಾಳಿಗೆ ಸಿಕ್ಕು ಮಯೋಗ್ಲೋಬಿನ್ ಉತ್ಕರ್ಷಣೆಗೊಂಡರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಇದನ್ನು ತಡೆಯಲು ದೂರ ಸಮುದ್ರದಲ್ಲಿ ಹಿಡಿದ ಟ್ಯೂನಾವನ್ನು ಹಡಗಿನಲ್ಲೇ ಸೊನ್ನೆಗಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಗೆ ಗಡ್ಡೆಗಟ್ಟಿಸುತ್ತಾರೆ.

ಆಗಷ್ಟೇ ಹಿಡಿದ ಮೀನೇ ಎಲ್ಲಕ್ಕಿಂತ ರುಚಿ ಎಂದು ನಾವು ತಿಳಿದಿದ್ದೇವೆ. ಇದು ಪೂರ್ತಿ ನಿಜವಲ್ಲ. ಜೀವವಿರುವ ಸ್ನಾಯುವಿನಲ್ಲಿ ಶಕ್ತಿಯ ನಾಣ್ಯದಂತಿರುವ ಎಟಿಪಿ ಎಂಬ ವಸ್ತು ಇರುತ್ತದೆ. ಮೀನು ಸತ್ತ ಮೇಲೆ ಕಿಣ್ವಗಳು ಅದನ್ನು ಹಂತ ಹಂತವಾಗಿ ಒಡೆಯುತ್ತವೆ. ನಡುವಿನ ಒಂದು ಹಂತದಲ್ಲಿ ಇನೋಸಿನಿಕ್ ಆಮ್ಲ ಉಂಟಾಗುತ್ತದೆ. ಇದು ಬಹಳ ರುಚಿ. ಇನ್ನೂ ಬಿಟ್ಟರೆ ಅದೂ ಒಡೆದು ಕಹಿಯಾದ ವಸ್ತುಗಳಾಗುತ್ತವೆ. ಆದ್ದರಿಂದ ಕೆಲವು ಮೀನುಗಳನ್ನು ತಣ್ಣಗೆ ಇಟ್ಟು ಕಾಯಬೇಕು, ಆದರೆ ಹೆಚ್ಚು ಕಾಯಬಾರದು. ಯಾವ ಮೀನು, ಎಷ್ಟು ಹೊತ್ತು ಎಂದು ತಿಳಿಯುವುದೇ ಜಾಣ್ಮೆ. ಈ ಒಡೆಯುವಿಕೆ ಎಷ್ಟು ಮುಂದುವರಿದಿದೆ ಎಂದು ಅಳೆಯುವ ವಿಧಾನವನ್ನು ಜಪಾನಿನ ವಿಜ್ಞಾನಿಗಳು 1959ರಲ್ಲಿ ಪ್ರಕಟಿಸಿದರು. ಅದಕ್ಕೆ 'ಕೆ ಮೌಲ್ಯ' ಎಂದು ಹೆಸರು.

ಮೀನು ಒದ್ದಾಡಿ ಸತ್ತರೆ ಎಟಿಪಿ ಬೇಗ ಖರ್ಚಾಗಿ, ಮಾಂಸದಲ್ಲಿ ಲ್ಯಾಕ್ಟಿಕ್ ಆಮ್ಲ ಕೂಡಿಕೊಳ್ಳುತ್ತದೆ. ಅದಕ್ಕಾಗಿ ಜಪಾನಿನ ಮೀನುಗಾರರು ಮೀನಿನ ಮಿದುಳಿಗೆ ಚೂಪಾದ ಮೊಳೆ ಚುಚ್ಚಿ ಒಂದೇ ಕ್ಷಣದಲ್ಲಿ ಕೊಂದು, ರಕ್ತ ಬಸಿದು, ಮಂಜುಗಡ್ಡೆಯಲ್ಲಿಡುತ್ತಾರೆ. ಈ ವಿಧಾನದ ಹೆಸರು ಇಕೆಜಿಮೆ. ಮೀನಿಗೆ ನರಳಾಟವೂ ಕಡಿಮೆ, ಮಾಂಸವೂ ಹೆಚ್ಚು ಕಾಲ ಚೆನ್ನಾಗಿರುತ್ತದೆ.

ಬೆಂಕಿಯಿಲ್ಲದೆ ಕಾಯುವುದು

ಹಸಿ ಮೀನಿನಲ್ಲಿ ಅಡಗಿರುವ ಶತ್ರುಗಳನ್ನು ಈಗ ನೋಡೋಣ.

ಮೊದಲನೆಯದು ಅನಿಸಾಕಿಸ್ ಎಂಬ ಪರಾವಲಂಬಿ ಹುಳು. ಅದರ ಮರಿ ಎರಡು ಮೂರು ಸೆಂಟಿಮೀಟರ್ ಉದ್ದದ ಬಿಳಿ ದಾರದಂತಿರುತ್ತದೆ. ನಮ್ಮ ಕರಾವಳಿಯ ಬಂಗುಡೆಯ ನೆಂಟನಾದ ಜಪಾನಿನ 'ಸಾಬಾ' ಮೀನಿನಲ್ಲೂ ಇದು ಸಿಗುತ್ತದೆ. ಜೀವಂತ ಹುಳು ಹೊಟ್ಟೆ ಸೇರಿದರೆ ಜಠರದ ಗೋಡೆಯನ್ನು ಕೊರೆದು ತಡೆಯಲಾರದ ನೋವು ತರುತ್ತದೆ. ವಿನೆಗರ್‌ಗಾಗಲಿ, ಅಡುಗೆಯ ಉಪ್ಪಿಗಾಗಲಿ ಅದು ಬಗ್ಗುವುದಿಲ್ಲ. ಸೊನ್ನೆಗಿಂತ 20 ಡಿಗ್ರಿ ಕೆಳಗೆ, ಮೀನಿನ ಒಳಭಾಗವೂ ಅಷ್ಟೇ ತಣ್ಣಗಾಗಿ, 24 ಗಂಟೆ ಇದ್ದರೆ ಸಾಯುತ್ತದೆ ಎಂದು ಜಪಾನಿನ ನಿಯಮ ಹೇಳುತ್ತದೆ. ಹಾಗೆ ಗಡ್ಡೆಗಟ್ಟಿಸದ ಮೀನಾದರೆ ಕರುಳನ್ನು ತಡಮಾಡದೆ ತೆಗೆದು, ಮಾಂಸವನ್ನು ಬೆಳಕಿಗೆ ಹಿಡಿದು ಕಣ್ಣಿಟ್ಟು ಹುಡುಕಬೇಕು.

ಎರಡನೆಯದು ಹಿಸ್ಟಮಿನ್. ಟ್ಯೂನಾ, ಸಾಬಾ ಮುಂತಾದ ಮೀನುಗಳನ್ನು ತಣ್ಣಗೆ ಇಡದಿದ್ದರೆ ಬ್ಯಾಕ್ಟೀರಿಯಗಳು ಈ ವಸ್ತುವನ್ನು ಉಂಟುಮಾಡುತ್ತವೆ. ಅದನ್ನು ತಿಂದವರ ಮುಖ ಕೆಂಪಾಗಿ ಮೈ ತುರಿಸುತ್ತದೆ. ಒಮ್ಮೆ ಉಂಟಾದ ಹಿಸ್ಟಮಿನ್ ಬೇಯಿಸಿದರೂ ಹೋಗುವುದಿಲ್ಲ. ಆದ್ದರಿಂದ ದೋಣಿಯಿಂದ ತಟ್ಟೆಯವರೆಗೆ ಮಂಜುಗಡ್ಡೆಯ ಸರಪಳಿ ಎಲ್ಲೂ ಕಡಿಯಬಾರದು.

ಮೂರನೆಯದು ಬಾಣಸಿಗರ ಕೈ! ಬೆರಳಿನ ಒಂದು ಸಣ್ಣ ಗಾಯದಿಂದಲೂ ರೋಗಾಣುಗಳು ಅನ್ನಕ್ಕೆ ಸೇರಬಹುದು. ಕೈ ತೊಳೆಯುವುದು, ಉಗುರು ಕತ್ತರಿಸುವುದು, ಹಲಗೆ ಮತ್ತು ಬಟ್ಟೆಯನ್ನು ಮತ್ತೆ ಮತ್ತೆ ಶುಚಿ ಮಾಡುವುದು ಈ ಕಸುಬಿನ ಅರ್ಧ ಪಾಠ. ಕಲಿಯಲು ಬಂದವರಿಗೆ ಮೊದಲು ನೆಲ ಒರೆಸುವ ಕೆಲಸ ಕೊಡುವುದರಲ್ಲಿ ಅರ್ಥವಿದೆ, ಅಲ್ಲವೇ?

ಫುಗು ಎಂಬ ಮೀನಿನಲ್ಲಂತೂ ಮನುಷ್ಯರನ್ನು ಕೊಲ್ಲುವ ಟೆಟ್ರೊಡೋಟಾಕ್ಸಿನ್ ಎಂಬ ವಿಷವೇ ಇದೆ. ಅದನ್ನು ಕೊಯ್ಯಲು ಜಪಾನಿನಲ್ಲಿ ಬೇರೆಯೇ ಪರವಾನಗಿ ಬೇಕು.

ಒಂದು ಎಚ್ಚರಿಕೆ: ನಮ್ಮಲ್ಲಿ ಪೇಟೆಯಲ್ಲಿ ಸಿಗುವ ಮೀನು ಬೇಯಿಸಿ ತಿನ್ನಲೆಂದು ಇರುವುದು. ಅದನ್ನು ಹಸಿಯಾಗಿ ತಿನ್ನಲು ಹೋಗಬೇಡಿ. ಕೆರೆ, ಹೊಳೆಯ ಮೀನನ್ನಂತೂ ಹಸಿಯಾಗಿ ತಿನ್ನಲೇಬಾರದು.

ಐದನೆಯ ರುಚಿ

ಸಿಹಿ, ಹುಳಿ, ಉಪ್ಪು, ಕಹಿ ನಿಮಗೆ ಗೊತ್ತು. 1908ರಲ್ಲಿ ಜಪಾನಿನ ರಸಾಯನ ವಿಜ್ಞಾನಿ ಕಿಕುನಾಏ ಇಕೆಡಾ ಅವರು ಕೊಂಬು ಎಂಬ ಕಡಲಪಾಚಿಯ ಸಾರಿಗೆ ಆ ರುಚಿ ಎಲ್ಲಿಂದ ಬಂತು ಎಂದು ಹುಡುಕಿದರು. ಅವರಿಗೆ ಸಿಕ್ಕಿದ್ದು ಗ್ಲುಟಾಮಿಕ್ ಆಮ್ಲ. ಈ ರುಚಿಗೆ 'ಉಮಾಮಿ' ಎಂದು ಹೆಸರಿಟ್ಟರು. 1913ರಲ್ಲಿ ಅವರ ಶಿಷ್ಯ ಶಿಂತಾರೊ ಕೊದಾಮಾ ಅವರು ಒಣಮೀನಿನ ಉಮಾಮಿಗೆ ಇನೋಸಿನಿಕ್ ಆಮ್ಲ ಕಾರಣ ಎಂದು ಕಂಡುಕೊಂಡರು. ಇವೆರಡೂ ಒಟ್ಟಿಗೆ ಸೇರಿದರೆ ರುಚಿ ಹಲವು ಪಟ್ಟು ಹೆಚ್ಚುತ್ತದೆ. ಸುಶಿಯನ್ನು ಸೋಯಾ ಸಾಸಿಗೆ ಅದ್ದಿ ತಿನ್ನುತ್ತಾರಲ್ಲ, ಸೋಯಾದಲ್ಲಿ ಗ್ಲುಟಾಮಿಕ್ ಆಮ್ಲವಿದೆ, ಮೀನಿನಲ್ಲಿ ಇನೋಸಿನಿಕ್ ಆಮ್ಲವಿದೆ. ವಿಜ್ಞಾನ ಹೇಳುವ ಮೊದಲೇ ನಾಲಿಗೆ ಇದನ್ನು ಕಂಡುಕೊಂಡಿತ್ತು!

ಮೀನು ಮತ್ತು ಅನ್ನದ ನಡುವೆ ಹಸಿರು ವಾಸಾಬಿ ಸವರುತ್ತಾರೆ. ವಾಸಾಬಿ ತಣ್ಣನೆಯ ಹರಿಯುವ ನೀರಿನಲ್ಲಿ ಬೆಳೆಯುವ ಗಿಡ. ನಮ್ಮ ಸಾಸಿವೆಯ ಕುಟುಂಬಕ್ಕೇ ಸೇರಿದ್ದು. ಹಾಗೇ ಇದ್ದರೆ ಅದಕ್ಕೆ ಘಾಟಿಲ್ಲ. ತುರಿದಾಗ ಕೋಶಗಳು ಒಡೆದು, ಬೇರೆ ಬೇರೆಯಾಗಿದ್ದ ಎರಡು ವಸ್ತುಗಳು ಕೂಡುತ್ತವೆ. ಒಂದು ಸಿನಿಗ್ರಿನ್, ಇನ್ನೊಂದು ಮೈರೋಸಿನೇಸ್ ಎಂಬ ಕಿಣ್ವ. ಆಗ ಮೂಗಿಗೆ ಏರುವ ಘಾಟು ಹುಟ್ಟುತ್ತದೆ. ಅದು ಬೇಗ ಹಾರಿಹೋಗುವುದರಿಂದ ಬಾಣಸಿಗರು ಆಗಾಗ ಸ್ವಲ್ಪ ಸ್ವಲ್ಪವೇ ತುರಿಯುತ್ತಾರೆ. ಅವರ ತುರಿಮಣೆಗೆ ಶಾರ್ಕ್ ಮೀನಿನ ಒರಟು ಚರ್ಮ ಹೊದಿಸಿರುತ್ತದೆ!

ಕಪ್ಪು ಹಾಳೆಯ ಕಥೆ

ಕೆಲವು ಸುಶಿಗಳನ್ನು ಕಾಗದದಂಥ ಕಪ್ಪು ಹಾಳೆಯಲ್ಲಿ ಸುತ್ತಿರುತ್ತಾರೆ. ಅದು ನೋರಿ ಎಂಬ ಕಡಲಪಾಚಿ. ಎರಡನೆಯ ಮಹಾಯುದ್ಧದ ನಂತರ ಜಪಾನಿನಲ್ಲಿ ನೋರಿ ಬೆಳೆ ಸೋತು ಕಡಲತಡಿಯ ಜನ ಕಂಗೆಟ್ಟಿದ್ದರು. ಬೇಸಗೆಯಲ್ಲಿ ನೋರಿ ಮಾಯವಾಗಿ ಚಳಿಗಾಲಕ್ಕೆ ಮತ್ತೆ ಕಾಣಿಸುತ್ತಿತ್ತು. ನಡುವೆ ಅದು ಎಲ್ಲಿರುತ್ತದೆ? ಯಾರಿಗೂ ತಿಳಿದಿರಲಿಲ್ಲ. ಬೀಜ ಎಲ್ಲಿದೆ ಎಂದೇ ಗೊತ್ತಿಲ್ಲದಿದ್ದರೆ ಬಿತ್ತುವುದು ಹೇಗೆ?

ಉತ್ತರ ಸಿಕ್ಕಿದ್ದು ಇಂಗ್ಲೆಂಡಿನಲ್ಲಿ. ಕ್ಯಾಥ್ಲೀನ್ ಡ್ರೂ ಬೇಕರ್ ಎಂಬ ಸಸ್ಯವಿಜ್ಞಾನಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದರು. ಮದುವೆಯಾದ ಮಹಿಳೆಯರಿಗೆ ಅಲ್ಲಿ ನೌಕರಿ ಕೊಡುತ್ತಿರಲಿಲ್ಲವಾದ್ದರಿಂದ ಮದುವೆಯ ನಂತರ ಅವರು ಸಂಬಳವಿಲ್ಲದೆ ಸಂಶೋಧನೆ ಮುಂದುವರಿಸಿದರು. ಕಡಲ ಚಿಪ್ಪುಗಳ ಒಳಗೆ ಬೆಳೆಯುವ ಗುಲಾಬಿ ಬಣ್ಣದ ಪುಟ್ಟ ಪಾಚಿಯೊಂದನ್ನು ಎಲ್ಲರೂ ಬೇರೆ ಜೀವಿ ಎಂದು ತಿಳಿದಿದ್ದರು. ಅದು ನೋರಿಯ ಬಳಗದ ಪಾಚಿಯ ಬಾಲ್ಯಾವಸ್ಥೆ ಎಂದು ಅವರು 1949ರಲ್ಲಿ ತೋರಿಸಿದರು. ಕಂಬಳಿಹುಳುವೂ ಚಿಟ್ಟೆಯೂ ಒಂದೇ ಎಂದು ತಿಳಿದ ಹಾಗೆ! ಜಪಾನಿನ ವಿಜ್ಞಾನಿಗಳು ಇದನ್ನು ಬಳಸಿಕೊಂಡು ಚಿಪ್ಪುಗಳಲ್ಲಿ ನೋರಿಯನ್ನು ಬೆಳೆಸಿ, ಬಲೆಗಳಿಗೆ 'ಬಿತ್ತಲು' ಕಲಿತರು. ಬೇಕರ್ ಅವರು ಒಮ್ಮೆಯೂ ಜಪಾನನ್ನು ನೋಡಲಿಲ್ಲ. 1957ರಲ್ಲಿ ತೀರಿಕೊಂಡರು. 1963ರಲ್ಲಿ ಅಲ್ಲಿನ ಉತೊ ನಗರದಲ್ಲಿ ನೋರಿ ಬೆಳೆಗಾರರು ಅವರಿಗೊಂದು ಸ್ಮಾರಕ ಕಟ್ಟಿದರು. ಪ್ರತಿ ವರ್ಷ ಏಪ್ರಿಲ್ 14ರಂದು ಅವರನ್ನು ನೆನೆಯುತ್ತಾರೆ.

ಕೈಯ ಕೆಲಸ, ಯಂತ್ರದ ಕೆಲಸ

ಈಗ ಬಾಣಸಿಗರು ಹಲಗೆಯ ಮುಂದೆ ನಿಂತಿದ್ದಾರೆ. ವಿನೆಗರ್ ಬೆರೆಸಿದ ನೀರಿನಲ್ಲಿ ಕೈ ಒದ್ದೆ ಮಾಡಿ, ಬಲಗೈಯಲ್ಲಿ ಅನ್ನ ತೆಗೆದುಕೊಳ್ಳುತ್ತಾರೆ. ಸುಮಾರು 15ರಿಂದ 20 ಗ್ರಾಂ. ತಕ್ಕಡಿ ಬೇಡ, ಕೈಯೇ ತಕ್ಕಡಿ. ಕೆಲವೇ ಸಲ ಒತ್ತಿದರೆ ಮುಗಿಯಿತು. ಎತ್ತಿದಾಗ ಒಡೆಯಬಾರದು, ಬಾಯಿಗಿಟ್ಟಾಗ ಬಿಡಿಬಿಡಿಯಾಗಬೇಕು. ಅಂದರೆ ಅಗುಳುಗಳ ನಡುವೆ ಗಾಳಿ ಉಳಿದಿರಬೇಕು. ಬಾಯಲ್ಲಿ ಹೇಳಬಹುದು, ಕೈಗೆ ಬರಲು ಸಾವಿರಾರು ಸಲ ಮಾಡಬೇಕು. 1925ರಲ್ಲಿ ಹುಟ್ಟಿದ ಜಿರೊ ಒನೊ ಎಂಬ ಪ್ರಸಿದ್ಧ ಬಾಣಸಿಗರ ಬಗ್ಗೆ 2011ರಲ್ಲಿ ಒಂದು ಸಾಕ್ಷ್ಯಚಿತ್ರ ಬಂತು. ಅದರಲ್ಲಿ ಅವರ ಶಿಷ್ಯರೊಬ್ಬರು ಮೊಟ್ಟೆಯ ಒಂದು ತಿನಿಸನ್ನು ಇನ್ನೂರಕ್ಕೂ ಹೆಚ್ಚು ಸಲ ಮಾಡಿದ ಮೇಲೆ ಗುರುಗಳು 'ಸರಿ' ಎಂದುದನ್ನು ಹೇಳುತ್ತಾರೆ. ಅಂದು ತಮಗೆ ಅಳುವೇ ಬಂತಂತೆ.

ಈ ಕಸುಬಿನಲ್ಲಿ ಬಹುಕಾಲ ಗಂಡಸರೇ ಇದ್ದರು. ಹೆಂಗಸರ ಕೈ ಬೆಚ್ಚಗಿರುತ್ತದೆ, ಅದರಿಂದ ಮೀನು ಕೆಡುತ್ತದೆ ಎಂದು ಹೇಳುತ್ತಿದ್ದರು. ಇದು ನಿಜವೇ? ತಣ್ಣನೆಯ ಕೋಣೆಯಲ್ಲಿ ಅಳೆದು ನೋಡಿದಾಗ ಮಹಿಳೆಯರ ಕೈ ಸರಾಸರಿ ಗಂಡಸರದಕ್ಕಿಂತ ತುಸು ತಣ್ಣಗೇ ಇರುವುದು ಕಂಡುಬಂದಿದೆ! ಉಷ್ಣಮಾಪಕ ಇರುವಾಗ ಊಹೆಯನ್ನು ನಂಬುವುದೇಕೆ? 2010ರಲ್ಲಿ ಟೋಕಿಯೊದ ಅಕಿಹಬಾರದಲ್ಲಿ ಮಹಿಳೆಯರೇ ಸುಶಿ ಮಾಡುವ ಅಂಗಡಿಯೊಂದು ತೆರೆಯಿತು. ಹತ್ತು ವರ್ಷದ ಬದಲು ಕೆಲವೇ ತಿಂಗಳಲ್ಲಿ ಕಲಿಸುವ ಶಾಲೆಗಳೂ ಬಂದಿವೆ.

ಯಂತ್ರಗಳೂ ಬಂದಿವೆ. ತಟ್ಟೆಗಳು ಪಟ್ಟಿಯ ಮೇಲೆ ತಿರುಗುತ್ತ ಗಿರಾಕಿಯ ಮುಂದೆ ಬರುವ ಅಂಗಡಿಯನ್ನು 1958ರಲ್ಲಿ ಯೊಶಿಯಾಕಿ ಶಿರಾಯಿಶಿ ಎಂಬುವರು ಒಸಾಕದಲ್ಲಿ ತೆರೆದರು. 1981ರಲ್ಲಿ ಅನ್ನದ ಉಂಡೆ ಒತ್ತುವ ರೋಬೋ ತಯಾರಾಯಿತು. ಇದರಿಂದ ಸುಶಿ ಅಗ್ಗವಾಗಿ ಸಾಮಾನ್ಯರಿಗೂ ಸಿಕ್ಕಿತು. ಆದರೆ ಈ ಮೀನನ್ನು ಇಂದು ಬಡಿಸಬಹುದೇ, ಬೇಡವೇ ಎಂಬ ತೀರ್ಮಾನ ಉಂಡೆ ಒತ್ತುವ ಯಂತ್ರದ ಕೆಲಸವಲ್ಲ. ಅದಕ್ಕೆ ಇಂದಿಗೂ ತಿಳಿದ ಮನುಷ್ಯರೇ ಬೇಕು.

ಸಮುದ್ರ ಬರಿದಾದರೆ?

ಸುಶಿ ಜಗತ್ತಿಗೆಲ್ಲ ಹರಡಿದಂತೆ ಟ್ಯೂನಾ ಮೀನಿಗೆ ಕಷ್ಟ ಬಂತು. ಮರಿ ಮೀನುಗಳನ್ನೂ ಬಿಡದೆ ಹಿಡಿದದ್ದರಿಂದ ಪೆಸಿಫಿಕ್ ಸಾಗರದ ನೀಲಿ ರೆಕ್ಕೆಯ ಟ್ಯೂನಾ ತೀರಾ ಕಡಿಮೆಯಾಯಿತು. 2014ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ದೇಶಗಳು ಕೂಡಿ ಹಿಡಿಯುವ ಪ್ರಮಾಣಕ್ಕೆ ಮಿತಿ ಹಾಕಿದವು. 2021ರಲ್ಲಿ ಅದರ ಸ್ಥಿತಿ ಮೊದಲಿಗಿಂತ ಸುಧಾರಿಸಿದೆ ಎಂದು ಅದೇ ಒಕ್ಕೂಟ ಹೇಳಿತು. ಜಪಾನಿನ ಕಿಂದಾಯಿ ವಿಶ್ವವಿದ್ಯಾಲಯ 1970ರಿಂದ ದುಡಿದು, 2002ರಲ್ಲಿ ಈ ಟ್ಯೂನಾವನ್ನು ಮೊಟ್ಟೆಯಿಂದ ಮೊಟ್ಟೆಯವರೆಗೆ ಸಾಕಣೆಯಲ್ಲೇ ಬೆಳೆಸಿ ತೋರಿಸಿತು. ಆದರೆ ಸಾಕಿದ ಟ್ಯೂನಾಕ್ಕೂ ತಿನ್ನಲು ಬೇರೆ ಮೀನುಗಳು ಬೇಕಲ್ಲ! ತೊಂದರೆ ಪೂರ್ತಿ ತೀರಿಲ್ಲ.

ಆದ್ದರಿಂದ ಬಾಣಸಿಗರು ಈಗ ಇನ್ನೂ ಒಂದು ವಿದ್ಯೆ ಕಲಿಯಬೇಕಾಗಿದೆ. ಯಾವ ಮೀನು ಹೇರಳವಾಗಿದೆ, ಯಾವುದಕ್ಕೆ ಇದು ಮರಿ ಹಾಕುವ ಕಾಲ, ಯಾವುದನ್ನು ಈ ವರ್ಷ ಬಿಟ್ಟುಬಿಡಬೇಕು ಎಂಬ ತಿಳಿವಳಿಕೆ. ಒಳ್ಳೆಯ ಮೀನನ್ನು ಆರಿಸುವುದರ ಜೊತೆಗೆ, ಕೆಲವನ್ನು ಆರಿಸದೆ ಇರುವುದೂ ಆ ಕೈಗಳ ಹೊಣೆ.

ಮಾಡಿ ನೋಡಿ (ದೊಡ್ಡವರ ನೆರವಿನಿಂದ)

1. ಎರಡು ತಟ್ಟೆಗಳಲ್ಲಿ ಸಮನಾಗಿ ಬಿಸಿ ಅನ್ನ ಹರಡಿ. ಒಂದಕ್ಕೆ ಮಾತ್ರ ಐದು ನಿಮಿಷ ಗಾಳಿ ಬೀಸಿ. ಯಾವುದು ಬೇಗ ಆರಿತು? ಯಾವುದರ ಅಗುಳು ಬಿಡಿಬಿಡಿಯಾಗಿದೆ?

2. ಎರಡು ಬಟ್ಟಲುಗಳಲ್ಲಿ ಒಂದೊಂದು ಚಮಚ ಅನ್ನ ಹಾಕಿ. ಒಂದಕ್ಕೆ ನಿಂಬೆರಸ ಹಿಂಡಿ, ಇನ್ನೊಂದಕ್ಕೆ ಅಷ್ಟೇ ನೀರು ಬೆರೆಸಿ. ಮುಚ್ಚಿಟ್ಟು ಎರಡು ದಿನ ಗಮನಿಸಿ. ಯಾವುದು ಮೊದಲು ಹಳಸಿತು? ಯಾವುದನ್ನೂ ತಿನ್ನಬೇಡಿ.

3. ಸಾಸಿವೆ ಕಾಳನ್ನು ಮೂಸಿ ನೋಡಿ. ಆಮೇಲೆ ಅರೆದು, ಸ್ವಲ್ಪ ನೀರು ಬೆರೆಸಿ, ಐದು ನಿಮಿಷದ ನಂತರ ಮೆಲ್ಲಗೆ ಮೂಸಿ. ವ್ಯತ್ಯಾಸವೇನು? ಏಕೆ?

ಯೋಚಿಸಿ, ಚರ್ಚಿಸಿ

- ನಿಮ್ಮ ಮನೆಯಲ್ಲಿ ಹುಳಿ, ಉಪ್ಪು ಅಥವಾ ಬಿಸಿಲಿನಿಂದ ಕೆಡದಂತೆ ಇಡುವ ಪದಾರ್ಥಗಳು ಯಾವುವು?
- ನಿಮ್ಮ ಊರಿನಲ್ಲಿ ಬಹುಕಾಲ ಕಲಿತರೆ ಮಾತ್ರ ಕೈಗೆ ಹತ್ತುವ ಕಸುಬು ಯಾವುದು? ಅದನ್ನು ಮಾಡುವವರನ್ನು ಕಂಡು, ಅವರು ಮೊದಲು ಕಲಿತದ್ದೇನು ಎಂದು ಕೇಳಿ ಬರೆಯಿರಿ.